ಗೊರಕೆ ಬದಲಾದ ರಾತ್ರಿ: ಮುಂಬಯಿಯ ಕನ್ನಡ ಸಂಘಗಳು ಓವರ್‌ಡೋಸ್ ಜಾಗೃತಿ ಶಿಬಿರ ನಡೆಸುವುದು ಹೇಗೆ?

ರಾತ್ರಿ ಹನ್ನೆರಡೂವರೆಗೆ ಹೋಟೆಲಿನ ಶಟರ್ ಎಳೆದು, ಕಿಚನ್ ತೊಳೆದು, ರೂಮಿಗೆ ಬಂದ ಹುಡುಗರು ಸಾಲಾಗಿ ಚಾಪೆ ಹಾಸಿ ಮಲಗುತ್ತಾರೆ. ಅವರಲ್ಲೊಬ್ಬನ ಗೊರಕೆ ಆ ರಾತ್ರಿ ಬೇರೆ ಥರ ಕೇಳಿಸುತ್ತದೆ. ಗಂಟಲಲ್ಲಿ ನೀರು ಕುದಿಯುವ ಹಾಗೆ ಗೊಳಗೊಳ ಸದ್ದು, ನಡುನಡುವೆ ಉದ್ದದ ಮೌನ. ಪಕ್ಕದವನು "ಮಗ್ಗುಲಾಗು ಮಾರಾಯ" ಎಂದು ಒಮ್ಮೆ ತಿವಿದು ತನ್ನ ಹೊದಿಕೆ ಎಳೆದುಕೊಳ್ಳುತ್ತಾನೆ. ಬೆಳಿಗ್ಗೆ ಐದಕ್ಕೆ ಭಟ್ರು ಎಬ್ಬಿಸಲು ಬಂದರೆ ಮೈ ತಣ್ಣಗಾಗಿರುತ್ತದೆ.

ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್), ನೋವಿನ ಮಾತ್ರೆ, ನಿದ್ರೆ ಮಾತ್ರೆಗಳು ಮೈ ತಡೆಯುವ ಅಳತೆ ಮೀರಿದಾಗ ಆಗುವ ಓವರ್‌ಡೋಸ್ ಸಾವು ಬಹುಪಾಲು ಹೀಗೇ ಬರುತ್ತದೆ. ಗಲಾಟೆಯಿಲ್ಲ, ಒದ್ದಾಟವಿಲ್ಲ. ಹಲವು ಸಲ ಸುತ್ತ ಜನರಿರುವಾಗಲೇ, ಒಂದೆರಡು ಗಂಟೆ ಸಮಯ ತೆಗೆದುಕೊಂಡು ಬರುತ್ತದೆ. ಆ ಒಂದೆರಡು ಗಂಟೆಯಲ್ಲಿ ಪಕ್ಕದವನಿಗೆ ಉಸಿರು ಎಣಿಸಲು ಬರುತ್ತಿದ್ದರೆ ಆ ಜೀವ ಉಳಿಯುವ ಸಾಧ್ಯತೆ ದೊಡ್ಡದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಭಾಷಣಕ್ಕೆ ಜಾಗ ಕಡಿಮೆ. ಸಂಘದವರು ಇಪ್ಪತ್ತು ಜನರನ್ನು ಕೂರಿಸಿಕೊಂಡು ಒಂದೂವರೆ ಗಂಟೆಯಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು, ಎಲ್ಲೆಲ್ಲಿ ಎಡವುತ್ತೇವೆ ಎಂಬುದಷ್ಟೇ ಇಲ್ಲಿದೆ.

ಯಾವ ದಿನ, ಯಾವ ಹೊತ್ತು

ಜೂನ್ 26ರ ಮಾದಕವಸ್ತು ವಿರೋಧಿ ದಿನ ನಮಗೆಲ್ಲ ಗೊತ್ತು: ಜಾಥಾ, ಪ್ರತಿಜ್ಞೆ, ಚಿತ್ರಕಲಾ ಸ್ಪರ್ಧೆ. ಆಗಸ್ಟ್ 31 ಅದಲ್ಲ. ಅದು ಅಂತರರಾಷ್ಟ್ರೀಯ ಓವರ್‌ಡೋಸ್ ಜಾಗೃತಿ ದಿನ. 2001ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಶುರುವಾಯಿತು, ನೇರಳೆ ಅದರ ಬಣ್ಣ. ಜೂನಿನ ದಿನ "ಮುಟ್ಟಬೇಡ" ಎನ್ನುತ್ತದೆ. ಆಗಸ್ಟಿನದು "ಮುಟ್ಟಿದವನನ್ನು ಸಾಯಲು ಬಿಡಬೇಡ" ಎನ್ನುತ್ತದೆ. ಎರಡನ್ನೂ ಒಂದೇ ವೇದಿಕೆಯಲ್ಲಿ ಕಲಸಿದರೆ ಎರಡನೆಯದು ಕೇಳಿಸದೆ ಹೋಗುತ್ತದೆ.

ಕೆಲವು ವರ್ಷ ಗಣೇಶೋತ್ಸವ ಇದೇ ದಿನಗಳಿಗೆ ಬೀಳುತ್ತದೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕಿತ್ತು. ಅಂಥ ವರ್ಷ ಶಿಬಿರವನ್ನು ಎರಡು ವಾರ ಮುಂಚೆಯೇ ಮುಗಿಸಿ. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳಗಳು ಬಂದಾಗ ಆಟದ ನಡುವೆ ಎರಡು ನಿಮಿಷ ಮೈಕ್ ಸಿಕ್ಕರೆ ಅದನ್ನು ಶಿಬಿರದ ಪ್ರಕಟಣೆಗೆ ಬಳಸಿ. ಕಲಿಸುವ ಕೆಲಸ ಅಲ್ಲಿ ಆಗುವುದಿಲ್ಲ.

ಹೊತ್ತಿನ ವಿಷಯದಲ್ಲಿ ಸಂಘಗಳು ಮಾಡುವ ದೊಡ್ಡ ತಪ್ಪೆಂದರೆ ಭಾನುವಾರ ಸಂಜೆ ಆರಕ್ಕೆ ಸಭಾಗೃಹದಲ್ಲಿ ಇಡುವುದು. ಆಗ ಬರುವವರು ನಿವೃತ್ತರು, ಸಮಿತಿಯವರು. ಹೋಟೆಲಿನ ಹುಡುಗರು ಆಗ ಗಿರಾಕಿಗಳ ಟೇಬಲ್ ನೋಡಿಕೊಳ್ಳುತ್ತಿರುತ್ತಾರೆ. ಊಟದ ಗಿರಾಕಿ ಮುಗಿದ ಮೇಲೆ, ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ, ಹೋಟೆಲಿನ ಮೇಲಂತಸ್ತಿನಲ್ಲೋ ಹುಡುಗರ ರೂಮಿನಲ್ಲೋ ಮಾಡಿ. ಬಾರ್ ಮತ್ತು ರೆಸ್ಟೋರೆಂಟಿನವರಿಗೆ ಬೆಳಿಗ್ಗೆ ಹತ್ತೂವರೆ ಅನುಕೂಲ. ಮೊದಲು ಮಾಲೀಕ ಅಣ್ಣನಿಗೆ ಹೀಗೆ ಹೇಳಿ: "ಅಣ್ಣ, ನಿಮ್ಮ ಹುಡುಗರು ಯಾರು ಏನು ತೆಗೆದುಕೊಳ್ಳುತ್ತಾರೆ ಅಂತ ನಾವು ಕೇಳುವುದಿಲ್ಲ. ಪ್ರಜ್ಞೆ ತಪ್ಪಿದವನನ್ನು ಬದುಕಿಸುವುದು ಹೇಳಿಕೊಡುತ್ತೇವೆ, ಅಷ್ಟೇ." ಈ ಮಾತು ಕೊಡದಿದ್ದರೆ ಬಾಗಿಲು ತೆರೆಯುವುದಿಲ್ಲ. ಕೊಟ್ಟ ಮೇಲೆ ಮುರಿಯಬೇಡಿ.

ಗೋವಾದ ವಾಸ್ಕೊ, ಮಾಪುಸಾ ಕಡೆ ಕಟ್ಟಡ ಕೆಲಸದಲ್ಲಿರುವ ಉತ್ತರ ಕರ್ನಾಟಕದವರಿಗಾದರೆ ಮಧ್ಯಾಹ್ನ ಆಗದು. ಸಂಜೆ ಏಳರ ಮೇಲೆ ವಸ್ತಿಯಲ್ಲೇ ಕೂರಬೇಕು. ತರಬೇತಿಯ ಮಾತೂ ಅವರ ಮಾತೇ ಆಗಿರಲಿ. ಕರಾವಳಿಯ ಹುಡುಗರಿಗೆ ತುಳುವಿನಲ್ಲಿ ಹೇಳಿದರೆ ಒಳಗಿಳಿಯುತ್ತದೆ, ವಿಜಯಪುರ, ಕಲಬುರಗಿಯವರಿಗೆ ಅವರ ಕನ್ನಡ ಬೇಕು.

ಏನೇನು ಬೇಕು

ಒಂದು ಗುಂಪಿಗೆ 20, ಹೆಚ್ಚೆಂದರೆ 25 ಜನ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲು ನೋಡುತ್ತದೆ, ಮಾಡುವುದಿಲ್ಲ. ಎದೆ ಒತ್ತುವುದನ್ನು ಕಲಿಸುವ ಬೊಂಬೆ ನಾಲ್ಕಿದ್ದರೆ ಒಳ್ಳೆಯದು. ಪ್ರಥಮ ಚಿಕಿತ್ಸೆ ತರಬೇತಿ ಕೊಡುವ ಸಂಸ್ಥೆಗಳಿಂದ ಒಂದು ದಿನದ ಮಟ್ಟಿಗೆ ಕೇಳಿ ತರಬಹುದು. ಸಿಗದಿದ್ದರೆ ಎರಡು ಟರ್ಕಿ ಟವೆಲ್ಲನ್ನು ಬಿಗಿಯಾಗಿ ಸುರುಳಿ ಸುತ್ತಿ ದಪ್ಪ ದಿಂಬಿನ ಕವರಿನೊಳಗೆ ತುರುಕಿ. ಒತ್ತಿದರೆ ಐದಾರು ಸೆಂಟಿಮೀಟರ್ ಇಳಿದು ಮತ್ತೆ ಮೇಲೆ ಬರುವಷ್ಟು ಗಟ್ಟಿಯಿರಬೇಕು. ಮಂಚದ ಮೇಲಿಟ್ಟು ಅಭ್ಯಾಸ ಮಾಡಿಸಬೇಡಿ, ನೆಲವೇ ಬೇಕು. ಜೊತೆಗೆ ಎರಡು ಚಾಪೆ, ಸೆಕೆಂಡ್ ತೋರಿಸುವ ಮೊಬೈಲ್ ಮತ್ತು ಆಳಿಗೊಂದರಂತೆ ಲ್ಯಾಮಿನೇಟ್ ಮಾಡಿದ ಅಂಗೈಯಗಲದ ಚೀಟಿ. ಚೀಟಿಯಲ್ಲಿ ಏನಿರಬೇಕೆಂದು ಮುಂದೆ ಹೇಳಿದೆ. ಪ್ರೊಜೆಕ್ಟರ್ ಬೇಡ. ಕತ್ತಲೆ ಮಾಡಿದರೆ ರಾತ್ರಿ ಪಾಳಿಯವರು ನಿದ್ದೆ ಹೋಗುತ್ತಾರೆ.

ಪೋಸ್ಟರಿನಲ್ಲಿ ತಲೆಬುರುಡೆ, ಸಿರಿಂಜು, ಬಿಳಿ ಪುಡಿಯ ಗೆರೆ ಹಾಕಬೇಡಿ. ಹೆದರಿಸುವ ಉಪನ್ಯಾಸದಿಂದ ಪ್ರಯೋಜನವಿಲ್ಲ ಎಂದು ವಿಶ್ವಸಂಸ್ಥೆಯ ಮಾದಕವಸ್ತು ತಡೆ ಮಾನದಂಡಗಳೂ ಹೇಳುತ್ತವೆ. ಅಂಥ ಚಿತ್ರ ನೋಡಿದರೆ, ಬಿಡಲು ಹೆಣಗುತ್ತಿರುವವನ ಮನಸ್ಸು ಮತ್ತೆ ಅತ್ತಲೇ ಎಳೆಯುತ್ತದೆ. "ಗರ್ದುಲ್ಲಾ", "ಚರಸಿ" ಎಂಬ ಬೀದಿಮಾತುಗಳು ಶಿಬಿರದಲ್ಲಿ ಯಾರ ಬಾಯಿಂದಲೂ ಬರಬಾರದು. ಆ ಪದ ಕೇಳಿದವನು ಮುಂದೆಂದೂ ನಿಮ್ಮ ಬಳಿ ಸಹಾಯ ಕೇಳುವುದಿಲ್ಲ. ಗುಣಮುಖನಾದವನನ್ನು ವೇದಿಕೆಗೆ ಎಳೆದು "ನಿನ್ನ ಕಥೆ ಹೇಳು" ಎನ್ನುವುದೂ ಬೇಡ. ಅವನಾಗಿ ಬಂದರೆ ಗೌರವದಿಂದ ಕೂರಿಸಿಕೊಳ್ಳಿ.

ಮೊದಲ ಇಪ್ಪತ್ತು ನಿಮಿಷ: ಯಾರಿಗೆ ಅಪಾಯ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಸುಮಾರು ಶೇ. 2.1 ಮಂದಿ ಅಫೀಮು ವರ್ಗದ ವಸ್ತುಗಳನ್ನು ಬಳಸುತ್ತಿದ್ದರು. ನಿದ್ರೆ ಮಾತ್ರೆಯಂಥವನ್ನು ವೈದ್ಯರ ಸಲಹೆಯಿಲ್ಲದೆ ನುಂಗುವವರು ಸುಮಾರು ಶೇ. 1.08. ಅಂಕಿ ಇಷ್ಟು ಸಾಕು. ಮುಂದಿನದು ಕೆಲಸಕ್ಕೆ ಬರುವ ಮಾತು.

ಉಸಿರು ನಿಲ್ಲಿಸುವ ವಸ್ತುಗಳು ಮುಖ್ಯವಾಗಿ ಮೂರು ಬಗೆ. ಒಂದು, ಅಫೀಮು ವರ್ಗ: ಮುಂಬಯಿಯಲ್ಲಿ "ಗರ್ದ್" ಎನ್ನುವ ಬ್ರೌನ್ ಶುಗರ್, ಕೋಡೀನ್ ಇರುವ ಕೆಮ್ಮಿನ ಸಿರಪ್, 2018ರಲ್ಲಿ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಬಂದ ಟ್ರಮಡಾಲ್ ಮಾತ್ರೆ. ಎರಡು, "ಬಟನ್" ಎಂದು ಕೈಬದಲಾಗುವ ನೈಟ್ರಾಜೆಪಾಮ್, ಆಲ್ಪ್ರಾಜೋಲಾಮ್‌ನಂಥ ನಿದ್ರೆ ಮಾತ್ರೆಗಳು. ಮೂರು, ಮದ್ಯ. ಮೂರೂ ಮಿದುಳಿನಲ್ಲಿ ಉಸಿರಾಟ ನಡೆಸುವ ಭಾಗವನ್ನೇ ಮಂಕಾಗಿಸುತ್ತವೆ. ಒಂದೊಂದೂ "ನನಗೆ ಒಗ್ಗಿದ್ದು" ಎನ್ನುವ ಪ್ರಮಾಣದಲ್ಲೇ ಇದ್ದರೂ, ಎರಡು ಕೂಡಿದಾಗ ಉಸಿರು ನಿಲ್ಲಬಹುದು. ಒಂದು ಕ್ವಾರ್ಟರ್ ಕುಡಿದ ಮೇಲೆ ಎರಡು ಬಟನ್ ನುಂಗುವುದು ಎಷ್ಟು ಅಪಾಯ ಎಂಬುದು ಕೈಯಲ್ಲಿ ಸಿರಿಂಜು ಹಿಡಿಯದ ಹುಡುಗರಿಗೆ ಗೊತ್ತೇ ಇರುವುದಿಲ್ಲ. ಸಂಬಳದ ರಾತ್ರಿಗಳಲ್ಲಿ ನಡೆಯುವುದು ಇದೇ ಬೆರಕೆ.

ಇನ್ನೊಂದು ಸಂಗತಿಗೆ ನಮ್ಮ ಜನ ಹೆಚ್ಚು ಗಮನ ಕೊಡಬೇಕು. ಅದು ಊರಿಗೆ ಹೋಗಿ ಬಂದವನ ಅಪಾಯ.

ಹುಡುಗ ದಾರಿ ತಪ್ಪಿದ ಎಂದು ಗೊತ್ತಾದರೆ ಮನೆಯವರು ಮಾಡುವ ಮೊದಲ ಕೆಲಸ ಅವನನ್ನು ಊರಿಗೆ ಕರೆಸಿಕೊಳ್ಳುವುದು. ಎರಡು ಮೂರು ತಿಂಗಳು ಅಲ್ಲಿ ತೋಟ, ಗದ್ದೆ, ದೈವಸ್ಥಾನ ಎಂದು ಓಡಾಡಿ ಮೈ ಚೇತರಿಸಿಕೊಳ್ಳುತ್ತದೆ. "ಈಗ ಸರಿಯಾದ" ಎಂದು ಮತ್ತೆ ಬಸ್ಸು ಹತ್ತಿಸುತ್ತಾರೆ. ಮುಂಬಯಿಗೆ ಬಂದವನಿಗೆ ಅದೇ ರೂಮು, ಅದೇ ಗೆಳೆಯ. ಒಂದು ರಾತ್ರಿ ಮನಸ್ಸು ಸೋಲುತ್ತದೆ. ಕೈ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತದೆ, ಮೈಗೆ ಮಾತ್ರ ಆ ಅಳತೆಯ ಅಭ್ಯಾಸ ತಪ್ಪಿ ಹೋಗಿರುತ್ತದೆ. ಕೆಲವು ದಿನಗಳ ಬಿಡುವೇ ತಾಳಿಕೆಯನ್ನು ಇಳಿಸುತ್ತದೆ, ವಾರಗಳಾದರೆ ಇನ್ನೂ ಹೆಚ್ಚು. ನಶಾಮುಕ್ತಿ ಕೇಂದ್ರದಿಂದ ಬಂದವನು, ಆರ್ಥರ್ ರೋಡ್, ಯರವಡಾ ಜೈಲಿನಿಂದ ಬಿಡುಗಡೆಯಾದವನು, ಕಾಮಾಲೆಯೆಂದು ಆಸ್ಪತ್ರೆಯಲ್ಲಿ ಮಲಗಿ ಎದ್ದವನು, ಎಲ್ಲರ ಅಪಾಯವೂ ಇದೇ. ಹೊರಬಂದ ಮೊದಲ ಎರಡು ವಾರ ಅತಿ ಸೂಕ್ಷ್ಮ. ಅಂಥವನಿಗೆ ರೂಮಿನಲ್ಲಿ ಒಬ್ಬನೇ ಮಲಗುವ ಮೂಲೆ ಕೊಡಬೇಡಿ. ಮೋರಿಯ (ಬಚ್ಚಲಿನ) ಬಾಗಿಲಿಗೆ ಹೊರಗಿನಿಂದಲೂ ತೆಗೆಯಲು ಬರುವ ಚಿಲಕ ಹಾಕಿಸಿ. ಒಬ್ಬನೇ ಬಾಗಿಲು ಹಾಕಿಕೊಂಡು ಬಿದ್ದವನನ್ನು ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಊರಿನ ಮನೆಯವರಿಗೂ ಈ ಮಾತನ್ನು ಫೋನಿನಲ್ಲಿ ತಿಳಿಸಿ. "ಅವನನ್ನು ನಂಬಬೇಡಿ" ಎಂಬ ಧಾಟಿ ಬೇಡ. "ಅವನ ಮೈ ಈಗ ಹೊಸದು, ಹಳೆಯದನ್ನು ತಡೆಯದು" ಎಂದು ಹೇಳಿ.

ಉಸಿರು ಎಣಿಸುವ ಪಾಠ

ಇಡೀ ಶಿಬಿರದಲ್ಲಿ ಇದೊಂದನ್ನೇ ಕಲಿಸಿದರೂ ನಡೆಯುತ್ತದೆ. ಇಪ್ಪತ್ತೈದು ನಿಮಿಷ ಕೊಡಿ.

ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬ ಚಾಪೆಯ ಮೇಲೆ ಅಂಗಾತ ಮಲಗಲಿ. ಇನ್ನೊಬ್ಬ ಪಕ್ಕದಲ್ಲಿ ಕೂತು, ಅಂಗೈಯನ್ನು ಅವನ ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವಲ್ಲಿ ಹಗುರವಾಗಿಟ್ಟು 30 ಸೆಕೆಂಡ್ ಎಣಿಸಲಿ. ಏರಿ ಇಳಿದರೆ ಒಂದು. ಬಂದದ್ದನ್ನು ದುಪ್ಪಟ್ಟು ಮಾಡಿದರೆ ನಿಮಿಷದ ಲೆಕ್ಕ. ದೊಡ್ಡವರಿಗೆ 12ರಿಂದ 20 ಸಹಜ. 10ಕ್ಕಿಂತ ಕಡಿಮೆಯಾಗಿದ್ದು ಎಚ್ಚರವೂ ಇಲ್ಲದಿದ್ದರೆ ಅದು ನಿದ್ದೆಯಲ್ಲ.

ಇಲ್ಲಿ ಒಂದು ತೊಡಕಿದೆ. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದ ಕೂಡಲೇ ಮಲಗಿದವನು ಬೇಕೆಂದೇ ನಿಧಾನ ಮಾಡುತ್ತಾನೆ, ಇಲ್ಲವೇ ನಗುತ್ತಾನೆ. ಅದಕ್ಕೆ ನರ್ಸುಗಳು ಮಾಡುವ ಉಪಾಯವಿದೆ. ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಆ ಕೈಯನ್ನು ಅವನ ಹೊಟ್ಟೆಯ ಮೇಲೇ ಇಟ್ಟು, ಕಣ್ಣನ್ನು ಮೊಬೈಲಿನ ಮೇಲಿಟ್ಟು ಉಸಿರು ಎಣಿಸುತ್ತಾರೆ. ಇದನ್ನೇ ಹೇಳಿಕೊಡಿ. ಎರಡನೇ ಸಲ ಎಲ್ಲರ ಲೆಕ್ಕವೂ ಸರಿಯಾಗುತ್ತದೆ.

ಆಮೇಲೆ ಉಳಿದ ಗುರುತುಗಳು. ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಚುಕ್ಕಿಯಂತಾಗಿದ್ದರೆ ಅಫೀಮು ವರ್ಗದ್ದು ಎಂಬ ಅನುಮಾನ ಗಟ್ಟಿ. ನಿದ್ರೆ ಮಾತ್ರೆ, ಮದ್ಯದಲ್ಲಿ ಹೀಗಾಗಲೇಬೇಕೆಂದಿಲ್ಲ, ಆದ್ದರಿಂದ ಪಾಪೆ ದೊಡ್ಡದಿದೆ ಎಂದು ನಿರಾಳವಾಗಬೇಡಿ. ತುಟಿ ನೀಲಿಯಾಗುತ್ತದೆ ಎಂದು ಪುಸ್ತಕದಲ್ಲಿರುತ್ತದೆ, ಆದರೆ ನಮ್ಮ ಮೈಬಣ್ಣದಲ್ಲಿ ಹೊರತುಟಿ ಬರೀ ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣಬಹುದು. ಕೆಳತುಟಿಯನ್ನು ಮಡಚಿ ಒಳಭಾಗ ನೋಡಿ, ಉಗುರಿನ ಬುಡ ನೋಡಿ, ಮೊಬೈಲ್ ಟಾರ್ಚಿನಲ್ಲಿ ಅಂಗೈ ನೋಡಿ. ಗೊಳಗೊಳ ಗೊರಕೆ ಎಂದರೆ ನಾಲಗೆ ಹಿಂದಕ್ಕೆ ಬಿದ್ದು, ಜೊಲ್ಲು ತುಂಬಿ, ಗಾಳಿಯ ದಾರಿ ಅರ್ಧ ಮುಚ್ಚಿದೆ ಎಂದರ್ಥ. ಆ ಸದ್ದನ್ನು ಶಿಬಿರದಲ್ಲಿ ನೀವೇ ಬಾಯಲ್ಲಿ ಮಾಡಿ ತೋರಿಸಿ. ಹುಡುಗರು ನಗಬಹುದು, ನಗಲಿ. ರಾತ್ರಿ ಕೇಳಿದಾಗ ನೆನಪಾಗುತ್ತದೆ.

ಬಿದ್ದವನು ಸಿಕ್ಕಾಗ: ಕ್ರಮ

1. ಹೆಸರು ಹಿಡಿದು ಜೋರಾಗಿ ಕರೆಯಿರಿ, ಹೆಗಲು ಅಲುಗಿಸಿ. ಏಳದಿದ್ದರೆ ಮುಷ್ಟಿಯ ಗೆಣ್ಣುಗಳಿಂದ ಎದೆಯ ನಡುಮೂಳೆಯ ಮೇಲೆ ಒತ್ತಿ ಉಜ್ಜಿ, ಐದರಿಂದ ಹತ್ತು ಸೆಕೆಂಡ್. ಗಾಢ ನಿದ್ದೆಯಲ್ಲಿರುವವನು ಇದಕ್ಕೆ ಎದ್ದು ಬೈಯುತ್ತಾನೆ. ಏಳದವನಿಗೆ ಸಹಾಯ ಬೇಕು.

2. 108ಕ್ಕೆ ಕರೆ ಮಾಡಿ, ಸಿಗದಿದ್ದರೆ 112. ಎರಡೂ ಗೋವಾದಲ್ಲೂ ನಡೆಯುತ್ತವೆ. ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ, ಕೈ ಖಾಲಿಯಿರಲಿ. ಮೊದಲ ವಾಕ್ಯ "ಡ್ರಗ್ಸ್ ಕೇಸು" ಆಗಬಾರದು. ಮರಾಠಿಯಲ್ಲಿ "ಶುದ್ಧೀವರ್ ನಾಹೀ, ಶ್ವಾಸ್ ನೀಟ್ ಘೇತ್ ನಾಹೀ" (ಪ್ರಜ್ಞೆ ಇಲ್ಲ, ಉಸಿರು ಸರಿಯಾಗಿ ಆಡುತ್ತಿಲ್ಲ) ಎನ್ನಿ, ಹಿಂದಿಯಲ್ಲಾದರೆ "ಹೋಶ್ ಮೇ ನಹೀ, ಸಾಂಸ್ ಠೀಕ್ ಸೇ ನಹೀ ಲೇ ರಹಾ". ಬೇಗ ಹೊರಡಿಸುವ ಮಾತು ಇದೇ. ಆಮೇಲೆ ವಿಳಾಸ. ಹೊಸದಾಗಿ ಬಂದ ಹುಡುಗನಿಗೆ ರೂಮಿನ ವಿಳಾಸ ಬರುವುದಿಲ್ಲ. ಕಟ್ಟಡದ ಹೆಸರು, ಗಲ್ಲಿ, ಹತ್ತಿರದ ಗುರುತು, ಯಾವ ಸ್ಟೇಷನ್ನಿನ ಪೂರ್ವವೋ ಪಶ್ಚಿಮವೋ, ಇವನ್ನೆಲ್ಲ ಕನ್ನಡ ಲಿಪಿಯಲ್ಲೇ ಮರಾಠಿ ವಾಕ್ಯವಾಗಿ ಬರೆದು ಬಾಗಿಲ ಒಳಬದಿಗೆ ಅಂಟಿಸಿರಬೇಕು. ಒಬ್ಬನನ್ನು ಗಲ್ಲಿಯ ಬಾಯಿಗೆ ಓಡಿಸಿ. ಆಂಬುಲೆನ್ಸ್ ಚಾಳಿನೊಳಗೆ ಬರಲಾರದು.

3. ಉಸಿರು ತೀರಾ ನಿಧಾನವಾಗಿದ್ದರೆ ಅಥವಾ ನಿಂತಿದ್ದರೆ ಕಾಯಬೇಡಿ. ಆಮ್ಲಜನಕವಿಲ್ಲದೆ ನಾಲ್ಕರಿಂದ ಆರು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಶುರು. ಅಂಗಾತ ಮಲಗಿಸಿ, ಬಾಯಲ್ಲಿ ಕಾಣುವ ವಾಂತಿ, ಗುಟ್ಕಾ ಏನಿದ್ದರೂ ಒರೆಸಿ ತೆಗೆಯಿರಿ. ಒಂದು ಕೈ ಹಣೆಗೆ, ಇನ್ನೊಂದರ ಎರಡು ಬೆರಳು ಗಲ್ಲಕ್ಕೆ, ತಲೆ ಹಿಂದಕ್ಕೆ ವಾಲಿಸಿ. ಕೆಲವೊಮ್ಮೆ ಇಷ್ಟಕ್ಕೇ ಗೊಳಗೊಳ ನಿಂತು ಗಾಳಿ ಓಡುತ್ತದೆ. ಮೂಗು ಹಿಡಿದು, ಬಾಯಿಗೆ ಬಾಯಿ ಮುಚ್ಚಿ, ಐದಾರು ಸೆಕೆಂಡಿಗೆ ಒಂದು ಉಸಿರು ಊದಿ. ಎದೆ ಏಳಬೇಕು. ಏಳದಿದ್ದರೆ ತಲೆಯ ವಾಲಿಕೆ ಸರಿಯಿಲ್ಲ. ಹೊಟ್ಟೆ ಉಬ್ಬುತ್ತಿದ್ದರೆ ಜೋರಾಗಿ ಊದುತ್ತಿದ್ದೀರಿ.

4. ಉಸಿರು ಪೂರ್ತಿ ನಿಂತು, ಜೀವದ ಯಾವ ಚಲನೆಯೂ ಇಲ್ಲದಿದ್ದರೆ ಎದೆ ಒತ್ತಿ: ಎದೆಯ ನಡುವೆ ಎರಡು ಕೈ, 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120. 30 ಒತ್ತು, 2 ಉಸಿರು. ಊದಲು ಮನಸ್ಸಾಗದಿದ್ದರೆ ಬರೀ ಒತ್ತುವುದನ್ನಾದರೂ ನಿಲ್ಲಿಸಬೇಡಿ. ಆದರೆ ಓವರ್‌ಡೋಸಿನಲ್ಲಿ ಮೊದಲು ಸೋಲುವುದು ಉಸಿರು, ಹೃದಯ ಆಮೇಲೆ ಸೋಲುತ್ತದೆ. ಹಾಗಾಗಿ ಇಲ್ಲಿ ಊದುವುದರ ಬೆಲೆ ಹೆಚ್ಚು. ಪ್ರತಿ ಎರಡು ನಿಮಿಷಕ್ಕೆ ಆಳು ಬದಲಾಗಿ.

5. ಉಸಿರು ಸರಿಯಾಗಿ ಆಡುತ್ತಿದ್ದು ಎಚ್ಚರ ಮಾತ್ರ ಇಲ್ಲದಿದ್ದರೆ ಎಡ ಮಗ್ಗುಲಿಗೆ ಹೊರಳಿಸಿ. ಮೇಲಿನ ಮಂಡಿ ಮಡಚಿ ನೆಲಕ್ಕೂರಿರಲಿ, ಮೇಲಿನ ಕೈಯ ಅಂಗೈ ಕೆನ್ನೆಯ ಕೆಳಗಿರಲಿ, ಬಾಯಿ ನೆಲದ ಕಡೆ ವಾಲಿರಲಿ. ವಾಂತಿಯಾದರೆ ಹೊರಗೆ ಹರಿಯುತ್ತದೆ. ಅಂಗಾತ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಪಕ್ಕ ಬಿಟ್ಟೇಳಬೇಡಿ, ಎರಡೆರಡು ನಿಮಿಷಕ್ಕೆ ಉಸಿರು ಎಣಿಸುತ್ತಿರಿ.

ಮಾಡಬಾರದ್ದನ್ನೂ ಬಿಡಿಸಿ ಹೇಳಬೇಕು, ಯಾಕೆಂದರೆ ರೂಮಿನಲ್ಲಿ ಮೊದಲು ನಡೆಯುವುದೇ ಅದು. ನಿಂಬೆರಸ, ಮಜ್ಜಿಗೆ, ಕಡುಕಾಫಿ ಬಾಯಿಗೆ ಹುಯ್ಯುವುದು: ಎಚ್ಚರವಿಲ್ಲದವನಿಗೆ ನುಂಗಲು ಬರುವುದಿಲ್ಲ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು: ಅದೇ ಅಪಾಯ, ಮೇಲೆ ರಕ್ತದಲ್ಲಿ ಉಪ್ಪು ಏರುವ ಕೇಡು. ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುತ್ತಾ ಕೂರುವುದು, ಎರಡೂ ಕಡೆ ಹೆಗಲು ಕೊಟ್ಟು ನಡೆಸುವುದು: ಅಮೂಲ್ಯ ನಿಮಿಷಗಳು ಹೋಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು "ಮಲಗಲಿ, ಬೆಳಿಗ್ಗೆ ಇಳಿಯುತ್ತದೆ" ಎನ್ನುವುದು. ನುಂಗಿದ ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ, ಈಗಿರುವುದಕ್ಕಿಂತ ಅರ್ಧ ಗಂಟೆಯ ನಂತರ ಕೆಡಬಹುದು.

ನಲಾಕ್ಸೋನ್ ಎಂಬ ಮದ್ದು

ಅಫೀಮು ವರ್ಗದ ಓವರ್‌ಡೋಸಿಗೆ ಪ್ರತಿಮದ್ದು ಇದೆ, ಹೆಸರು ನಲಾಕ್ಸೋನ್. ನಮ್ಮಲ್ಲಿ ಅದು ಸಾಮಾನ್ಯವಾಗಿ 1 ಮಿಲಿಲೀಟರಿನಲ್ಲಿ 0.4 ಮಿಲಿಗ್ರಾಂ ಇರುವ ಇಂಜೆಕ್ಷನ್ನಾಗಿ ಸಿಗುತ್ತದೆ, ವೈದ್ಯರ ಚೀಟಿ ಬೇಕು. ಸ್ನಾಯುವಿಗೆ ಚುಚ್ಚಿದರೆ ಎರಡರಿಂದ ಐದು ನಿಮಿಷಕ್ಕೆ ಉಸಿರು ಮರಳಬಹುದು, ಮರಳದಿದ್ದರೆ ಮತ್ತೊಮ್ಮೆ ಕೊಡುತ್ತಾರೆ. ಓವರ್‌ಡೋಸನ್ನು ಕಣ್ಣಾರೆ ನೋಡುವ ಸಾಧ್ಯತೆ ಇರುವವರ ಕೈಗೂ ಇದು ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಸಂಘದಲ್ಲಿ ವೈದ್ಯರು ಸದಸ್ಯರಿದ್ದರೆ ಈ ಭಾಗವನ್ನು ಅವರಿಂದಲೇ ಮಾಡಿಸಿ. ಮದ್ದನ್ನು ನೀವೇ ತಂದು ಹಂಚುವ ಉತ್ಸಾಹ ಬೇಡ.

ಸಾಮಾನ್ಯರು ತಿಳಿದಿರಬೇಕಾದ್ದು ಎರಡು. ನಿದ್ರೆ ಮಾತ್ರೆ, ಮದ್ಯ, ಮುಂದೆ ಹೇಳುವ ಎಂಡಿ ಎಂಬ ಮಾದಕವಸ್ತು, ಇವಕ್ಕೆ ಇದು ಕೆಲಸ ಮಾಡುವುದಿಲ್ಲ. ಎರಡನೆಯದು, ಅದರ ಬಲ 30ರಿಂದ 90 ನಿಮಿಷಕ್ಕೆ ಇಳಿಯುತ್ತದೆ, ಒಳಗಿರುವ ವಿಷ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಹುದು. ಎದ್ದು ಕೂತವನು ಮೈಕೈ ನೋವು, ಬೆವರು, ಸಿಟ್ಟಿನಲ್ಲಿ "ನನಗೇನಾಗಿಲ್ಲ" ಎಂದು ಆಸ್ಪತ್ರೆಯಿಂದ ಹೊರಟು, ರಿಕ್ಷಾದಲ್ಲೇ ಮತ್ತೆ ಬೀಳುವುದು ಇದೇ ಕಾರಣಕ್ಕೆ. ವೈದ್ಯರು ಬಿಡುವವರೆಗೆ ಕೂರಿಸಿಕೊಳ್ಳಿ. ಅಷ್ಟು ಹೊತ್ತು ಜೊತೆಗೆ ಯಾರಿರಬೇಕೆಂದು ಮೊದಲೇ ಗೊತ್ತುಮಾಡಿ.

ಎಂಡಿ ಮತ್ತು ಪಾರ್ಟಿ ಮಾತ್ರೆಗಳು ಬೇರೆ

ಎಂಡಿ ಎಂದರೆ ಮೆಫೆಡ್ರೋನ್, 2015ರಲ್ಲಿ ಎನ್‌ಡಿಪಿಎಸ್ ಪಟ್ಟಿಗೆ ಸೇರಿದ್ದು. ಗೋವಾದ ಪಾರ್ಟಿಗಳ ಎಂಡಿಎಂಎ, ಕೊಕೇನ್ ಕೂಡ ಇದೇ ಸಾಲಿನವು. ಇವು ಮೈಯನ್ನು ಮಂಕಾಗಿಸುವುದಿಲ್ಲ, ಕುದಿಸುತ್ತವೆ: ಕೆಂಡದಂಥ ಮೈ, ಎದೆನೋವು, ಹುಚ್ಚೆದ್ದ ನಡೆ, ಫಿಟ್ಸ್. 108 ಕರೆದು, ಸದ್ದು ಕಡಿಮೆಯಿರುವ ಕಡೆ ಕೂರಿಸಿ, ಬಟ್ಟೆ ಸಡಿಲಿಸಿ, ಕುತ್ತಿಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಫ್ಯಾನ್ ಬೀಸಿ. ನಾಲ್ಕು ಜನ ಸೇರಿ ಬೋರಲು ಮಲಗಿಸಿ ಬೆನ್ನ ಮೇಲೆ ಕೂರುವುದು ಕೊಲ್ಲುತ್ತದೆ. ಎಚ್ಚರವಿದ್ದರೆ ನೀರನ್ನು ಗುಟುಕು ಗುಟುಕಾಗಿ ಕೊಡಿ. ಎಂಡಿಎಂಎ ತೆಗೆದುಕೊಂಡವನು ಲೀಟರುಗಟ್ಟಲೆ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಜೀವಕ್ಕೆ ಕುತ್ತಾಗುತ್ತದೆ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಫಿಟ್ಸ್ ನಿಂತ ಮೇಲೆ ಮಗ್ಗುಲಾಗಿಸಿ.

ಪೊಲೀಸು, ಆಸ್ಪತ್ರೆಯ ಹೆದರಿಕೆ

ಜನ 108 ಒತ್ತದಿರುವುದಕ್ಕೆ ಅಜ್ಞಾನಕ್ಕಿಂತ ಹೆದರಿಕೆಯೇ ದೊಡ್ಡ ಕಾರಣ. "ಕೇಸಾದರೆ ಹೋಟೆಲಿಗೆ ತೊಂದರೆ" ಎಂದು ಮಾಲೀಕ, "ನನ್ನನ್ನೂ ಒಳಗೆ ಹಾಕುತ್ತಾರೆ" ಎಂದು ಜೊತೆಗಾರ. ಸುಳ್ಳು ಧೈರ್ಯ ಹೇಳಬೇಡಿ. ಆಸ್ಪತ್ರೆ ಇದನ್ನು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಬಹುದು, ಪೊಲೀಸರು ಬಂದು ಕೇಳಬಹುದು. ಆದರೆ ಇವೂ ನಿಜ: 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ವೈದ್ಯರ ಕರ್ತವ್ಯ, ಕಾನೂನಿನ ವಿಧಿಗಳಿಗೆ ಕಾಯುವಂತಿಲ್ಲ ಎಂದಿದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು.

ಆಸ್ಪತ್ರೆಯಲ್ಲಿ ಮಾತ್ರ ಏನೂ ಮುಚ್ಚಿಡಬೇಡಿ. ಏನು, ಎಷ್ಟು, ಎಷ್ಟು ಹೊತ್ತಿಗೆ, ಜೊತೆಗೆ ಮದ್ಯವಿತ್ತೇ ಎಂಬ ನಾಲ್ಕು ಉತ್ತರದ ಮೇಲೆ ಮದ್ದು ನಿಂತಿದೆ. "ಊಟ ಸೇರಲಿಲ್ಲ, ತಲೆ ಸುತ್ತಿ ಬಿದ್ದ" ಎಂದರೆ ನಲಾಕ್ಸೋನಿನ ಯೋಚನೆಯೇ ಅವರಿಗೆ ಬಾರದಿರಬಹುದು. ಖಾಲಿ ಮಾತ್ರೆಯ ಸ್ಟ್ರಿಪ್ ಒಯ್ಯಿರಿ.

ಮಹಿಳಾ ವಿಭಾಗಕ್ಕೆ ಬೇರೆಯೇ ಒಂದು ಗಂಟೆ

ಓವರ್‌ಡೋಸ್ ರೂಮಿನ ಹುಡುಗರದ್ದು ಮಾತ್ರ ಎಂಬ ಭಾವನೆ ತಪ್ಪು. ಮನೆಯ ಮದ್ದಿನ ಡಬ್ಬಿಯಲ್ಲಿ ಮೊದಲು ನೋಡಬೇಕಾದ್ದು ಪ್ಯಾರಾಸಿಟಮಾಲ್. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಗರಿಷ್ಠ 4 ಗ್ರಾಂ, ಅಂದರೆ 650ರ ಮಾತ್ರೆ ಆರು. ಕುಡಿಯುವವರಿಗೆ, ಲಿವರ್ ತೊಂದರೆಯವರಿಗೆ ಇನ್ನೂ ಕಡಿಮೆ. ನೆಗಡಿಯ ಮಾತ್ರೆಯಲ್ಲೂ ಅದೇ ಮದ್ದಿರುತ್ತದೆ, ಎರಡು ಹೆಸರಿನಲ್ಲಿ ಒಂದನ್ನೇ ನುಂಗುತ್ತಿರುತ್ತೇವೆ. ಹೆಚ್ಚಾದರೆ ಮೊದಲ ದಿನ ಏನೂ ಗೊತ್ತಾಗದು, ಎರಡು ಮೂರು ದಿನಕ್ಕೆ ಲಿವರ್ ಕೆಡುತ್ತದೆ. ಇದಕ್ಕೂ ಪ್ರತಿಮದ್ದಿದೆ, ಎಂಟು ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ. "ಚೆನ್ನಾಗೇ ಇದ್ದಾಳಲ್ಲ" ಎಂದು ಕಾಯಬಾರದು. ದೆಹಲಿ ಏಮ್ಸಿನ ವಿಷ ಮಾಹಿತಿ ಕೇಂದ್ರದ 1800 116 117 ಸಂಖ್ಯೆಯನ್ನು ಫ್ರಿಜ್ಜಿನ ಮೇಲೆ ಬರೆದಿಡಿ.

ಮುಂಬಯಿಯಲ್ಲಿ ಮನೆಯಿರುವ ನಮ್ಮವರಿಗೆ ಇನ್ನೊಂದು ಹೊಣೆ. ಊರಿನ ನೆಂಟರು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆಂದು ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಅವರ ಚೀಲದಲ್ಲಿ ಅಫೀಮು ವರ್ಗದ ಮಾರ್ಫಿನ್ ಮಾತ್ರೆ, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಇರಬಹುದು. ಕ್ಯಾನ್ಸರ್ ನೋವಿಗೆ ವೈದ್ಯರು ಹೇಳಿದಂತೆ ಕೊಟ್ಟರೆ ಅವು ಸುರಕ್ಷಿತ. ಹೆದರಿ ನಿಲ್ಲಿಸಿ ರೋಗಿಯನ್ನು ನರಳಿಸಬೇಡಿ. ಆದರೆ ಬೀಗವಿರುವ ಕಪಾಟಿನಲ್ಲಿಡಿ, ಮಾತ್ರೆ ಎಣಿಸಿ ಬರೆದಿಡಿ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಕಾವಿಗೆ ಮದ್ದು ಹೆಚ್ಚು ಒಳಗಿಳಿಯುತ್ತದೆ. 72 ಗಂಟೆಯ ನಂತರ ತೆಗೆದ ಪಟ್ಟಿಯಲ್ಲೂ ಮಗುವಿನ ಜೀವಕ್ಕೆ ಸಾಕಾಗುವಷ್ಟು ಮದ್ದು ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ, ಅದನ್ನು ಏನು ಮಾಡಬೇಕೆಂದು ಆಸ್ಪತ್ರೆಯವರನ್ನೇ ಕೇಳಿ.

ಬೇಕೆಂದೇ ಮಾತ್ರೆ ನುಂಗಿದವರ ಬಗ್ಗೆಯೂ ಮಾತಾಡಿ. ಅವರನ್ನು ಬೈಯುವ ಹೊತ್ತು ಅದಲ್ಲ, ಒಂಟಿಯಾಗಿ ಬಿಡುವ ಹೊತ್ತೂ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಚೀಟಿ ಮತ್ತು ಮುಂದಿನ ತಿಂಗಳು

ಚೀಟಿಯ ಒಂದು ಬದಿಗೆ: ಕರೆ, ಉಜ್ಜು, ಎಣಿಸು, 108, ಊದು, ಮಗ್ಗುಲಾಗಿಸು. ಹಿಂಬದಿಗೆ ಮರಾಠಿ ವಾಕ್ಯ, ವಿಳಾಸ, ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮನಸ್ 14416. ಮಾರಾಟ ಜಾಲದ ಸುಳಿವು ಕೊಡುವ 1933 ಸಂಖ್ಯೆಯನ್ನು ಇದೇ ಚೀಟಿಗೆ ಹಾಕಬೇಡಿ. ಅದರ ಕೆಲಸ ಮುಖ್ಯವಾದದ್ದೇ, ಆದರೆ ಎರಡನ್ನೂ ಒಟ್ಟಿಗೆ ಕಂಡವನು ಯಾವುದನ್ನೂ ಒತ್ತುವುದಿಲ್ಲ.

ಬದುಕುಳಿದವನು ಮೊದಲ ಎರಡು ಮೂರು ದಿನ ಮಾತು ಕೇಳುವ ಸ್ಥಿತಿಯಲ್ಲಿರುತ್ತಾನೆ. ಆಗಲೇ ಚಿಕಿತ್ಸೆಯ ಮಾತೆತ್ತಿ. ಮುಂಬಯಿಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಮನೋರೋಗ ವಿಭಾಗ, ಪುಣೆಯಲ್ಲಿ 1986ರಿಂದಿರುವ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ, ಗೋವಾದ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆ, ಇವುಗಳಿಗೆ ಜೊತೆಯಲ್ಲಿ ಹೋಗಿ. ವಿಳಾಸ ಬರೆದುಕೊಟ್ಟರೆ ಹೋಗುವವರು ಕಡಿಮೆ. ಅಫೀಮು ವರ್ಗದ ವ್ಯಸನಕ್ಕೆ ನಾಲಗೆ ಕೆಳಗಿಡುವ ಬುಪ್ರೆನಾರ್ಫಿನ್ ಚಿಕಿತ್ಸೆ ಇದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ನೆರವಿನ ಕೇಂದ್ರಗಳಲ್ಲಿ ಅದು ಉಚಿತ. "ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸುತ್ತಾರೆ" ಎಂದು ಮನೆಯವರು ಅದನ್ನು ನಿಲ್ಲಿಸುವುದುಂಟು. ನಿಲ್ಲಿಸಬೇಡಿ, ಚಿಕಿತ್ಸೆಯಲ್ಲಿರುವಷ್ಟು ಕಾಲ ಸಾವಿನ ಅಪಾಯ ತಗ್ಗಿರುತ್ತದೆ.

ಹೋಟೆಲಿನಲ್ಲಿ ಹುಡುಗರು ಬದಲಾಗುತ್ತಲೇ ಇರುತ್ತಾರೆ, ವರ್ಷಕ್ಕೊಮ್ಮೆಯ ಶಿಬಿರ ಮೂರು ತಿಂಗಳಿಗೆ ಹಳತಾಗುತ್ತದೆ. ಪ್ರತಿ ರೂಮಿಗೆ ಒಬ್ಬ ಹಳಬನನ್ನು ಗೊತ್ತುಮಾಡಿ. ತಿಂಗಳಿಗೊಮ್ಮೆ ಹತ್ತು ನಿಮಿಷ ಹೋಗಿ, ಚೀಟಿ ಕಿತ್ತಿದ್ದರೆ ಮತ್ತೆ ಅಂಟಿಸಿ, ಹೊಸದಾಗಿ ಬಂದವನನ್ನು ಕರೆದು ಮೂರು ಪ್ರಶ್ನೆ ಕೇಳಿ: ಈ ರೂಮಿನ ವಿಳಾಸ ಹೇಳು, ಪಕ್ಕದವನ ಉಸಿರು ಎಣಿಸು, ಅವನನ್ನು ಮಗ್ಗುಲಾಗಿಸು. ಮೂರರಲ್ಲಿ ಸಾಮಾನ್ಯವಾಗಿ ತಪ್ಪುವುದು ವಿಳಾಸ. ಆ ತಿಂಗಳು ಅದನ್ನೇ ಹತ್ತು ಸಲ ಹೇಳಿಸಿ ಬನ್ನಿ.